ಹೂವಿನ ಪೆಟ್ಟಿಗೆಯ ಹಿಂದಿನ ಗೋಡೆ

ಟರ್ಕಿ ಫೋರ್ಡ್, ಅಯೋವಾ
ಮೇ 3, 1977

ಮಾನ್ಯ ಆಕ್ಸೆಲ್ ಬುಂಡ್‌ಗಾರ್ಡ್ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಿಮ್ಮ ಹೆಸರು ಮಾತ್ರ ನನಗೆ ಒಂಬತ್ತು ವರ್ಷದಿಂದ ಗೊತ್ತು. ನನ್ನ ಮನೆಯ ನೆಲಮಾಳಿಗೆಯಲ್ಲಿ, ಬಾಯ್ಲರಿನ ಹಿಂದಿನ ಗೋಡೆಯ ಮೇಲೆ, ದಪ್ಪ ಪೆನ್ಸಿಲ್ಲಿನಲ್ಲಿ ‘ಆಕ್ಸೆಲ್ ಬುಂಡ್‌ಗಾರ್ಡ್, ಗಾರೆ ಕೆಲಸ, 1913’ ಎಂದು ಬರೆದಿದೆ. ಬಟ್ಟೆ ಒಗೆಯಲು ಇಳಿದಾಗಲೆಲ್ಲ ಓದಿದ್ದೇನೆ. ನೀವು ಆರೆಗಾನ್‌ನಲ್ಲಿ ಮಗಳ ಜೊತೆ ಆರೋಗ್ಯವಾಗಿದ್ದೀರಿ ಎಂದು ಕಳೆದ ವಾರ ನಿಮ್ಮ ತಂಗಿಯ ಮಗ ಹೇಳಿದ. ನಾನು ಈ ಕೌಂಟಿಯ ಸಂಚಾರಿ ಗ್ರಂಥಾಲಯದ ಬಸ್ಸು ಓಡಿಸುವವಳು. ಅವನು ನನ್ನ ಬಸ್ಸಿನ ಪತ್ತೇದಾರಿ ಕಾದಂಬರಿಗಳ ಖಾಯಂ ಗಿರಾಕಿ.

ಬೀಜದ ವ್ಯಾಪಾರಿ ಹಾಲ್ವರ್ಸನ್ ಅವರಿಗೆ ನೀವು ಕಟ್ಟಿಕೊಟ್ಟ ಮನೆ ಈಗ ನನ್ನದು. ನಾನೂ ನನ್ನ ಗಂಡನೂ ಕೊಂಡಾಗ ಅದರಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಗಂಡ ನಾಲ್ಕು ವರ್ಷದ ಹಿಂದೆ ತೀರಿಕೊಂಡ. ನಾನು ದಿನವೆಲ್ಲ ಮೆಕ್ಕೆಜೋಳದ ಹೊಲಗಳ ನಡುವೆ ಬಸ್ಸು ಓಡಿಸಿ ಮನೆಗೆ ಬಂದರೆ, ಈ ಮನೆಯೂ ಹೊಲದ ಹಾಗೆಯೇ ಉದ್ದಕ್ಕೆ ಮಲಗಿರುತ್ತಿತ್ತು. ತಗ್ಗಿದ ಛಾವಣಿ, ಗೋಡೆಯನ್ನು ದಾಟಿ ಮುಂದೆ ಚಾಚಿದ ಸೂರು, ಸಾಲಾಗಿ ಕಿಟಕಿ. ದಣಿವು ಅರ್ಧ ಅಲ್ಲೇ ಇಳಿಯುತ್ತಿತ್ತು.

ಈಗ ಇಳಿಯುತ್ತಿಲ್ಲ. ಹೋದ ಅಕ್ಟೋಬರಿನಲ್ಲಿ ದಕ್ಷಿಣದ ಗೋಡೆಯ ಉದುರಿದ ಸಂದುಗಳನ್ನು ತುಂಬಿಸಲಾಯಿತು. ಅಂದಿನಿಂದ ಮನೆ ಎದ್ದು ನಿಂತ ಹಾಗಿದೆ. ದಾರಿಹೋಕರು “ಇದ್ಯಾವಾಗ ಸ್ಕೂಲ್ ಆಯ್ತು?” ಎಂದು ಕೇಳುತ್ತಾರೆ. ಇಟ್ಟಿಗೆ ಅದೇ, ಗೋಡೆ ಅದೇ. ಏನು ಕೆಟ್ಟಿದೆ ಎಂದು ನನಗೆ ತಿಳಿಯುತ್ತಿಲ್ಲ.

ತಿಳಿಯಲೇಬೇಕಾದ ಕಾರಣವನ್ನೂ ಹೇಳಿಬಿಡುತ್ತೇನೆ. ಪಶ್ಚಿಮದ ಸೂರು ಜೋತುಬಿದ್ದಿದೆ. ಇನ್ನೆರಡು ಚಳಿಗಾಲದ ಹಿಮವನ್ನು ಅದು ಹೊರುವುದಿಲ್ಲ. ರಾಜ್ಯದ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಮನೆ ಸೇರಿದರೆ ರಿಪೇರಿಗೆ ನೆರವು ಸಿಗುತ್ತದೆ. ಸೇರದಿದ್ದರೆ ಪಕ್ಕದ ಕ್ಲಿನಿಕ್ಕಿನವರಿಗೆ ಮಾರುತ್ತೇನೆ. ಅವರಿಗೆ ಬೇಕಾಗಿರುವುದು ಕಾರು ನಿಲ್ಲಿಸುವ ಜಾಗ. ನವೆಂಬರ್ ಒಂದರವರೆಗೆ ಕಾಯುತ್ತೇವೆ ಎಂದಿದ್ದಾರೆ.

ದಯವಿಟ್ಟು ಉತ್ತರ ಬರೆಯಿರಿ. ಗೋಡೆಯ ಫೋಟೋ ಇಟ್ಟಿದ್ದೇನೆ.

ಇತಿ,
ಮಾವಿಸ್ ಡ್ರಾಹೋಶ್


ಆಸ್ಟೋರಿಯಾ, ಆರೆಗಾನ್
ಮೇ 14, 1977

ಶ್ರೀಮತಿ ಡ್ರಾಹೋಶ್ ಅವರಿಗೆ,

ಫೋಟೋ ನೋಡಿದೆ. ಅವತ್ತು ಊಟ ಸೇರಲಿಲ್ಲ. ಮಗಳು ಇನೆಜ್ “ಯಾರಪ್ಪಾ ಹೋದ್ರು?” ಎಂದು ಕೇಳಿದಳು.

ಕೇಳಿ. ಆ ಮನೆಯ ಇಟ್ಟಿಗೆ ಉದ್ದ, ತೆಳು. ಇಟ್ಟಿಗೆಯ ಸಾಲುಗಳ ನಡುವೆ ಬರುವುದು ಅಡ್ಡ ಸಂದು. ಅಲ್ಲಿ ಬಿಳಿ ಗಾರೆ ಹಾಕಿ, ಹಸಿ ಇರುವಾಗಲೇ ಅರ್ಧ ಬೆರಳು ಒಳಕ್ಕೆ ಕೆರೆಯಬೇಕು. ಆಗ ಅಲ್ಲಿ ನೆರಳು ಕೂರುತ್ತದೆ. ಅಕ್ಕಪಕ್ಕದ ಎರಡು ಇಟ್ಟಿಗೆಯ ನಡುವೆ ಬರುವುದು ನಿಂತ ಸಂದು. ಅಲ್ಲಿ ಕೆರೆಯಬಾರದು. ಇಟ್ಟಿಗೆಯ ಪುಡಿ ಬೆರೆಸಿದ ಕೆಂಪು ಗಾರೆಯನ್ನು ಇಟ್ಟಿಗೆಯ ಮಟ್ಟಕ್ಕೇ ತುಂಬಬೇಕು. ನಿಂತ ಸಂದು ಕಣ್ಣಿಗೇ ಬೀಳಬಾರದು. ಆಗ ಇಡೀ ಗೋಡೆ ಬರೀ ಅಡ್ಡಗೆರೆ. ನಿಮ್ಮ ದಣಿವು ಇಳಿಸುತ್ತಿದ್ದದ್ದು ಅದೇ.

ನಿಮ್ಮ ಮೂರ್ಖ ಅಡ್ಡದ್ದು ನಿಂತದ್ದು ಎರಡನ್ನೂ ಬೂದು ಸಿಮೆಂಟಿನಿಂದ ಮೆತ್ತಿದ್ದಾನೆ. ಈಗ ಗೋಡೆಯ ತುಂಬ ಚೌಕಗಳು. ಅಷ್ಟೇ ಆಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆ ಸಿಮೆಂಟು ಇಟ್ಟಿಗೆಗಿಂತ ಗಟ್ಟಿ. ಒಳಗೆ ಹೋದ ನೀರು ಸಂದಿನಿಂದ ಹೊರಬರಲಾರದೆ ಇಟ್ಟಿಗೆಯಲ್ಲೇ ಹೆಪ್ಪುಗಟ್ಟುತ್ತದೆ. ಎರಡು ಚಳಿಗಾಲ ಕಳೆಯಲಿ, ಇಟ್ಟಿಗೆಯ ಮುಖ ಬೇಳೆಯ ಸಿಪ್ಪೆಯ ಹಾಗೆ ಕಳಚುತ್ತದೆ.

ಎಲ್ಲವನ್ನೂ ತೆಗೆಯಬೇಕು. ಯಂತ್ರ ಬೇಡ, ಉಳಿ ಮತ್ತು ಸುತ್ತಿಗೆ ಸಾಕು. ತುಂಬಿಸಲಾಯಿತು ಎಂದು ಬರೆದಿದ್ದೀರಿ. ತುಂಬಿಸಿದವನು ಯಾರು? ನಿಮ್ಮೂರಿನ ಗಾರೆಯವ ಪೀಟರ್‌ಸನ್‌ನ ಮೊಮ್ಮಗನೇ ಇರಬೇಕು. ಅವರ ವಂಶದಲ್ಲೇ ಯಾರಿಗೂ ಕೆಲಸ ಬರುತ್ತಿರಲಿಲ್ಲ. ಅವನ ಕೈಗೆ ಗಾರೆ ಮೆತ್ತುವ ಕರಣೆ ಕೊಟ್ಟವನನ್ನು ಮೊದಲು ಒದೆಯಬೇಕು.

ಆಕ್ಸೆಲ್ ಬುಂಡ್‌ಗಾರ್ಡ್


ಟರ್ಕಿ ಫೋರ್ಡ್
ಮೇ 29, 1977

ಮಾನ್ಯ ಬುಂಡ್‌ಗಾರ್ಡ್ ಅವರಿಗೆ,

ನಿಮ್ಮ ಪತ್ರವನ್ನು ಗೋಡೆಯ ಮುಂದೆ ನಿಂತೇ ಓದಿದೆ. ಒಂಬತ್ತು ವರ್ಷ ಆ ಮನೆಯಲ್ಲಿ ಇದ್ದೂ ನಾನು ಅದನ್ನು ನೋಡಿರಲಿಲ್ಲ ಎಂದು ಗೊತ್ತಾಯಿತು. ಪೂರ್ವದ ಗೋಡೆಗೆ ಯಾರೂ ಕೈಹಚ್ಚಿಲ್ಲ. ಅಲ್ಲಿ ಹೋಗಿ ಉಗುರಿನಿಂದ ಕೆರೆದು ಹುಡುಕಿದ ಮೇಲೆ ಒಂದು ನಿಂತ ಸಂದು ಸಿಕ್ಕಿತು.

ಉಳಿ ಕೊಂಡಿದ್ದೇನೆ. ಬಸ್ಸು ನಿಲ್ಲಿಸಿ ಬಂದು ದಿನಾ ಸಂಜೆ ಎರಡು ಗಂಟೆ ಕೆಲಸ. ಮೊದಲ ದಿನ ಒಂದು ಮೊಳ, ಮೂರನೆಯ ದಿನ ಎರಡು. ಕೈಯಲ್ಲಿ ಬೊಕ್ಕೆ ಎದ್ದಿದೆ. ಆ ಮೂರ್ಖನ ಬಗ್ಗೆ ನೀವು ಹೇಳಿದ್ದೆಲ್ಲ ಸರಿ. ಉಳಿಯ ಒಂದೊಂದು ಏಟಿಗೂ ಬೈದುಕೊಳ್ಳುತ್ತಿದ್ದೇನೆ.

ಇನ್ನೊಂದು ಸಂಗತಿ. ದಕ್ಷಿಣದ ಗೋಡೆಯ ಪಶ್ಚಿಮದ ತುದಿಯಲ್ಲಿ ಇಟ್ಟಿಗೆಯ ದೊಡ್ಡ ಹೂವಿನ ಪೆಟ್ಟಿಗೆ ಇದೆಯಲ್ಲ, ಗೋಡೆಗೆ ಅಂಟಿಕೊಂಡು ನೆಲದಿಂದ ಸೊಂಟದವರೆಗೆ. ಅದು ಬಿರುಕು ಬಿಟ್ಟಿದೆ. ಬಿಚ್ಚಿ ಮತ್ತೆ ಕಟ್ಟಿಸಲೇ?

ಮಾವಿಸ್ ಡ್ರಾಹೋಶ್


ಆಸ್ಟೋರಿಯಾ
ಜೂನ್ 9, 1977

ಶ್ರೀಮತಿ ಮಾವಿಸ್ ಅವರಿಗೆ,

ಮೂರನೆಯ ದಿನ ಎರಡು ಮೊಳ ಎಂದರೆ ಪರವಾಗಿಲ್ಲ. ಕೈಗೆ ಉಪ್ಪುನೀರು ಹಚ್ಚಿ. ಉಳಿಯನ್ನು ಇಟ್ಟಿಗೆಯ ಕಡೆ ವಾಲಿಸಬೇಡಿ.

ಪೂರ್ವದ ಗೋಡೆಯಿಂದ ಹಳೆಯ ಗಾರೆಯ ಒಂದು ಚೂರು ಕಳಿಸಿ. ಮೂರ್ಖನ ಸಿಮೆಂಟಿನದೂ ಒಂದು ಕಳಿಸಿ. ನಾಲಿಗೆಗೆ ಹಚ್ಚಿದರೆ ಸುಣ್ಣ ಎಷ್ಟು, ಮರಳು ಎಷ್ಟು ಎಂದು ಈಗಲೂ ಹೇಳಬಲ್ಲೆ. ನೆಲಮಾಳಿಗೆಯಲ್ಲಿ ಮೆಟ್ಟಿಲ ಕೆಳಗೆ ಒಡೆದ ಇಟ್ಟಿಗೆಗಳು ಇದ್ದವು. ಯಾರೂ ಎಸೆದಿಲ್ಲದಿದ್ದರೆ ಅವನ್ನು ಕುಟ್ಟಿ, ಹಳೆಯ ನೈಲಾನ್ ಕಾಲುಚೀಲದಲ್ಲಿ ಸೋಸಿ. ಆ ಪುಡಿಯೇ ನಿಮ್ಮ ಬಣ್ಣ.

ಇಲ್ಲಿ ಗುರುವಾರ ಗುರುವಾರ ನಮ್ಮ ಗಾರೆ ಕೆಲಸಗಾರರ ಸಂಘದಲ್ಲಿ ಮುದುಕರೆಲ್ಲ ಸೇರುತ್ತೇವೆ. ನಿಮ್ಮ ಫೋಟೋ ತೋರಿಸಿದೆ. ಒಬ್ಬೊಬ್ಬನೂ ಆ ಮೂರ್ಖನಿಗೆ ಒಂದೊಂದು ಹೊಸ ಹೆಸರು ಕೊಟ್ಟ. ಹೆಂಗಸರಿಗೆ ಬರೆಯುವ ಪತ್ರದಲ್ಲಿ ಅವನ್ನು ಬರೆಯಲಾಗುವುದಿಲ್ಲ.

ಹೂವಿನ ಪೆಟ್ಟಿಗೆಯನ್ನು ಮುಟ್ಟಬೇಡಿ. ಬಿರುಕಿಗೆ ಗಾರೆ ತುಂಬಿ, ನೀರು ಹಾಕಿ, ಸುಮ್ಮನಿರಿ.

ಆಕ್ಸೆಲ್ ಬುಂಡ್‌ಗಾರ್ಡ್


ಟರ್ಕಿ ಫೋರ್ಡ್
ಜುಲೈ 6, 1977

ಆಕ್ಸೆಲ್ ಅವರೇ,

ಎರಡೂ ಚೂರುಗಳನ್ನು ಮಾತ್ರೆಯ ಡಬ್ಬಿಯಲ್ಲಿ ಹಾಕಿ ಕಳಿಸಿದ್ದೇನೆ. ಇನೆಜ್ ಅವರಿಗೆ ಮೊದಲೇ ಹೇಳಿಬಿಡಿ, ಔಷಧಿ ಎಂದುಕೊಂಡಾರು. ಮೆಟ್ಟಿಲ ಕೆಳಗೆ ಇಟ್ಟಿಗೆಗಳು ಇದ್ದವು! ನೀವು ಬಿಟ್ಟಲ್ಲೇ, ಅರವತ್ತನಾಲ್ಕು ವರ್ಷದ ಧೂಳಿನ ಜೊತೆ.

ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ನನ್ನ ಬಸ್ಸಿಗೂ ಬಣ್ಣದ ಕಾಗದ ಕಟ್ಟಿ ಓಡಿಸಿದೆ. ಮರುದಿನವೇ ರಾಜಧಾನಿಯಿಂದ ಪಾರಂಪರಿಕ ಪಟ್ಟಿಯ ಕಚೇರಿಯವರು ಪರಿಶೀಲನೆಗೆ ಬಂದರು. ಹೆಸರು ಕಾರ್ಲೀನ್ ಆಬ್ಟ್. ಇಪ್ಪತ್ತಾರು ವರ್ಷ, ಕೊರಳಲ್ಲಿ ಎರಡು ಕ್ಯಾಮೆರಾ, ಕೈಯಲ್ಲಿ ವಾಸ್ತುಶಿಲ್ಪಿ ಪೆಲ್ಲೆಟ್ ಅವರು ಬರೆದ ಮೂಲ ನಕ್ಷೆಯ ಪ್ರತಿ. ಬಣ್ಣದ ಗಾಜಿನ ಕಿಟಕಿ ನೋಡಿ ಖುಷಿಪಟ್ಟರು. ಮುಂಬಾಗಿಲು ಹುಡುಕಿ ಹುಡುಕಿ ಕೊನೆಗೆ ಪಕ್ಕದಲ್ಲಿ ಸಿಕ್ಕಾಗ ನಕ್ಕರು. ನಡುಮನೆಯ ಒಲೆಗೂಡಿನ ಮುಂದೆ ನೆಲದ ಮೇಲೆ ಕೂತುಬಿಟ್ಟರು. ದಕ್ಷಿಣದ ಗೋಡೆಯ ಕೆಲಸ ಹಿಮ ಬೀಳುವ ಮೊದಲು ಮುಗಿದರೆ ಸಾಕು ಎಂದರು.

ಆಮೇಲೆ ಪೆಟ್ಟಿಗೆಯ ಮುಂದೆ ನಿಂತು ನಕ್ಷೆ ಬಿಡಿಸಿದರು. “ಇದು ನಕ್ಷೆಲಿಲ್ಲ. ಗೋಡೆ ನೇರ ನೆಲಕ್ಕೆ ಇಳಿದಿದೆ ನೋಡಿ. ಯಾರೋ ಆಮೇಲೆ ಸೇರ್ಸಿರೋದು. ತೆಗೆಸ್ಬೇಕಾಗುತ್ತೆ.”

“ಅದಿದ್ರೆ ಚೆಂದ ಕಾಣುತ್ತಲ್ಲಮ್ಮ” ಎಂದೆ.

“ಚೆಂದ ಕಾಣುತ್ತೆ. ಆದ್ರೆ ಪೆಲ್ಲೆಟ್ ಅವರು ಬರ್ದಿದ್ದು ಅಲ್ವಲ್ಲ.”

ಅಕ್ಟೋಬರಿನಲ್ಲಿ ಮತ್ತೆ ಬರುತ್ತಾರಂತೆ. ಪೆಟ್ಟಿಗೆ ಅಲ್ಲೇ ಇದ್ದರೆ ಮನೆ ಪಟ್ಟಿಗೆ ಸೇರುವುದಿಲ್ಲ. ಆದ್ದರಿಂದ ನೇರವಾಗಿ ಕೇಳುತ್ತೇನೆ: ಅದನ್ನು ಕಟ್ಟಿದ್ದು ಯಾವಾಗ, ಯಾರು?

ಮಾವಿಸ್


ಟರ್ಕಿ ಫೋರ್ಡ್
ಆಗಸ್ಟ್ 8, 1977

ಆಕ್ಸೆಲ್ ಅವರೇ,

ಒಂದು ತಿಂಗಳಾಯಿತು. ನಿಮಗೆ ಮೈ ಸರಿ ಇಲ್ಲವೇನೋ ಎಂದು ಇನೆಜ್ ಅವರಿಗೆ ಫೋನ್ ಮಾಡಿದೆ. “ಚೆನ್ನಾಗಿದಾರೆ, ಬೇಲಿಗೆ ಬಣ್ಣ ಹೊಡೀತಿದಾರೆ. ನಿಮ್ ಡಬ್ಬಿ ಬಂತು, ನೆಕ್ಕೂ ನೋಡಿದ್ರು” ಎಂದರು. ಅಂದರೆ ನೀವು ಬರೆಯಲಾಗದೆ ಬಿಟ್ಟಿದ್ದಲ್ಲ, ಬೇಡವೆಂದೇ ಬಿಟ್ಟಿದ್ದೀರಿ.

ನಾನು ಊಹಿಸಿದ್ದು ಹೀಗೆ. ಮನೆ ಮುಗಿದು ಎಷ್ಟೋ ವರ್ಷದ ಮೇಲೆ, ಪೆಲ್ಲೆಟ್ ಅವರನ್ನು ಕೇಳದೆ, ಹಾಲ್ವರ್ಸನ್ ಹೇಳಿದರೆಂದು ನೀವೇ ಆ ಪೆಟ್ಟಿಗೆ ಕಟ್ಟಿಕೊಟ್ಟಿದ್ದೀರಿ. ಇನ್ನೊಬ್ಬರ ಮನೆಯ ಮೇಲೆ ಕೈ ಆಡಿಸಿದ್ದು ಈಗ ಹೇಳಿಕೊಳ್ಳಲು ನಾಚಿಕೆ. ಅದಕ್ಕೇ ‘ಮುಟ್ಟಬೇಡಿ’. ಬೇರೆಯವರ ತಪ್ಪಿಗೆ ಇಡೀ ಸಂಘ ಸೇರಿ ಹೆಸರಿಡುವ ನೀವು, ನಿಮ್ಮ ಒಂದು ಪೆಟ್ಟಿಗೆಯ ಬಗ್ಗೆ ಒಂದು ಸಾಲು ಬರೆಯಲಾರಿರಿ!

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಗೊತ್ತು. ನನ್ನ ಮನೆ ಹೋಗುತ್ತದೆ ಆಕ್ಸೆಲ್ ಅವರೇ. ಪೆಟ್ಟಿಗೆಯನ್ನು ಸೆಪ್ಟೆಂಬರ್ ಹತ್ತರಂದು ಕೆಡವಿಸುತ್ತೇನೆ.

ಮಾವಿಸ್ ಡ್ರಾಹೋಶ್


ಆಸ್ಟೋರಿಯಾ
ಆಗಸ್ಟ್ 15, 1977

ಶ್ರೀಮತಿ ಡ್ರಾಹೋಶ್ ಅವರಿಗೆ,

ಹಳೆಯ ಗಾರೆ: ಒಂದು ಪಾಲು ಸುಣ್ಣ, ಮೂರು ಪಾಲು ನದಿ ಮರಳು. ನಿಂತ ಸಂದಿಗೆ ಮರಳಿನ ಅರ್ಧ ಪಾಲು ತೆಗೆದು ಅಷ್ಟೇ ಇಟ್ಟಿಗೆ ಪುಡಿ. ಬಿಸಿಲಿರುವಾಗ ಒದ್ದೆ ಗೋಣಿ ಹೊದಿಸಿ.

ಮನೆ ನಿಮ್ಮದು. ಪೆಟ್ಟಿಗೆಯೂ ನಿಮ್ಮದೇ. ಇಷ್ಟ ಬಂದ ಹಾಗೆ ಮಾಡಿ.

ಬುಂಡ್‌ಗಾರ್ಡ್


ಟರ್ಕಿ ಫೋರ್ಡ್
ಆಗಸ್ಟ್ 24, 1977

ಆಕ್ಸೆಲ್ ಅವರೇ,

ನಿಮ್ಮ ಅಳತೆಯಲ್ಲೇ ಗಾರೆ ಕಲಸಿದೆ. ಕಲಸುತ್ತ ಕಲಸುತ್ತ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಾನು ಅಷ್ಟು ಕೆಟ್ಟದಾಗಿ ಬರೆದರೂ ನೀವು ಗಾರೆಯ ಅಳತೆ ಕಳಿಸಿದಿರಿ. ಅದಕ್ಕೇ ಮೇ ತಿಂಗಳಲ್ಲೇ ಹೇಳಬೇಕಿದ್ದನ್ನು ಈಗ ಹೇಳುತ್ತೇನೆ.

ಆ ಮೂರ್ಖ ಪೀಟರ್‌ಸನ್‌ನ ಮೊಮ್ಮಗನಲ್ಲ. ಅದು ನಾನು.

ಹೋದ ಅಕ್ಟೋಬರಿನಲ್ಲಿ ನಮ್ಮ ಚರ್ಚಿನ ಲ್ಯಾಡ್ ಕುಚೇರಾ ಗೋಡೆ ನೋಡಿದ. ನನ್ನ ಗಂಡನ ಗೆಳೆಯ, ಹಂದಿ ಸಾಕುವವನು. “ಮಾವಿಸ್, ಗೋಡೆ ಹಿಂಗೆ ಬಾಯಿ ಬಿಟ್ಕೊಂಡು ನಿಂತಿದ್ಯಲ್ಲೇ. ಚಳಿಗಾಲಕ್ಕೆ ಮುಂಚೆ ಮುಚ್ಚಿಸ್ಬಾರ್ದಾ?” ಎಂದ.

“ಮುಚ್ಚಿಸ್ಬೇಕು. ಯಾರು ಮಾಡ್ತಾರೆ ಲ್ಯಾಡ್?”

“ಯಾರು ಮಾಡ್ತಾರೆ ಅಂದ್ರೆ? ನಾವೇನು ಸತ್ತಿದೀವಾ?”

ಈ ಊರು ನಿಮಗೆ ಗೊತ್ತಲ್ಲ. ಯಾರದಾದರೂ ಕೊಟ್ಟಿಗೆ ಬಿದ್ದರೆ, ಯಾರಾದರೂ ಸತ್ತರೆ, ಕೇಳುವ ಮೊದಲೇ ಜನ ಏಣಿ ಹೊತ್ತು ಬರುತ್ತಾರೆ. ಬಂದವರನ್ನು ಬೇಡ ಎಂದು ಕಳಿಸಿದ ಹೆಂಗಸು ಇಲ್ಲಿ ಇನ್ನೂ ಹುಟ್ಟಿಲ್ಲ. ಶನಿವಾರ ಬೆಳಿಗ್ಗೆ ಏಳಕ್ಕೆ ಹನ್ನೊಂದು ಗಂಡಸರು ಬಂದರು. ಅವರ ಹೆಂಡತಿಯರು ಏಪ್ರಿಕಾಟ್ ತುಂಬಿದ ಕೊಲಾಚಿ ಬನ್ನಿನ ತಟ್ಟೆಗಳನ್ನು ತಂದರು. ಗಂಡ ಹೋದ ಮೇಲೆ ಆ ಅಂಗಳದಲ್ಲಿ ಅಷ್ಟು ನಗು ಕೇಳಿದ್ದು ಅವತ್ತೇ. ನಾನು ಕಾಫಿ ಹಿಡಿದು ರಾಣಿಯ ಹಾಗೆ ಓಡಾಡಿದೆ.

ಲ್ಯಾಡ್ ಏಣಿಯ ಮೇಲಿಂದ ಕೇಳಿದ: “ಇಲ್ನೋಡು, ಅಡ್ಡದ್ದು ಒಳಗಿದೆ, ನಿಂತದ್ದು ಕಾಣ್ಸೋದೇ ಇಲ್ಲ. ಹಿಂಗೇ ಇತ್ತೋ ಏನೋ. ಏನ್ಮಾಡ್ಲಿ?”

ಅವನಿಗೆ ಕಂಡಿತ್ತು, ಆಕ್ಸೆಲ್ ಅವರೇ. ಹಂದಿ ಸಾಕುವವನಿಗೆ ಕಂಡಿತ್ತು. ನಾನು ತಲೆ ಎತ್ತಿಯೂ ನೋಡದೆ “ಎಲ್ಲಾ ತುಂಬ್ಬಿಡ್ರೋ, ಅರೆಬರೆ ಯಾಕೆ?” ಎಂದೆ. ಸಿಮೆಂಟು ಆರಿಸಿ ತಂದದ್ದೂ ನಾನೇ.

ಈಗ ದಿನಾ ಸಂಜೆ ನಾನು ಸಿಮೆಂಟು ಕೀಳುವಾಗ ಅವರು ಗಾಡಿ ನಿಧಾನ ಮಾಡಿ ನೋಡುತ್ತಾರೆ. “ಏನಾಯ್ತು ಮಾವಿಸ್, ನಮ್ಮ ಕೆಲ್ಸ ಸರಿ ಆಗ್ಲಿಲ್ವಾ?” ಎಂದು ಲ್ಯಾಡ್ ಕೇಳಿದ. “ನೀವು ಚೆನ್ನಾಗೇ ಮಾಡಿದ್ರಿ, ರಾಜ್ಯದವ್ರು ಏನೋ ಬೇರೆ ಥರ ಹೇಳ್ತಾರೆ” ಎಂದೆ. ಅವನು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ನಿಮ್ಮ ಪತ್ರಗಳಲ್ಲಿ ನೀವು ಬೈದಾಗಲೆಲ್ಲ ನಾನೂ ಸೇರಿ ಬೈದೆ. ಬೈಸಿಕೊಳ್ಳುವವರು ಬೇರೆ ಯಾರೋ ಆಗಿದ್ದರೆ ಹಗುರ ಅಲ್ಲವೇ.

ಆ ಪೆಟ್ಟಿಗೆಯ ಹಿಂದೆ ಏನಿದೆಯೋ ನಾನು ಮತ್ತೆ ಕೇಳುವುದಿಲ್ಲ. ಹತ್ತನೆಯ ತಾರೀಕು ಬರಲಿ. ನನ್ನ ಮೇಲೆ ನಿಮಗೆ ಸಿಟ್ಟಿದ್ದರೆ ಅದು ನ್ಯಾಯ.

ಮಾವಿಸ್


ಆಸ್ಟೋರಿಯಾ
ಆಗಸ್ಟ್ 30, 1977

ಮಾವಿಸ್,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಆಮೇಲೆ ಇನೆಜ್‌ಳನ್ನು ಕೂರಿಸಿ, ಅವಳ ತಾಯಿಗೂ ಹೇಳದಿದ್ದ ಮಾತನ್ನು ಹೇಳಿದೆ. ಈಗ ನಿನಗೆ ಹೇಳುತ್ತೇನೆ.

1913ರ ಮೇ ತಿಂಗಳು. ನನಗೆ ಇಪ್ಪತ್ತು. ಅದುವರೆಗೆ ಕಟ್ಟಿದ್ದೆಲ್ಲ ಸ್ಕೂಲು, ಧಾನ್ಯದ ಗೋದಾಮು. ಮೇಸ್ತ್ರಿ ನನ್ನ ಸೋದರಮಾವ ಸೋರೆನ್. ಸೋಮವಾರ ಅವನು ಎಲ್ಲರಿಗೂ ಸಂದಿನ ಕೆಲಸ ವಿವರಿಸಿದ. ನಾನು ಕೇಳಿಸಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ. ಸಂದು ಅಂದರೆ ಸಂದು, ಇವರೇನು ಹೊಸದಾಗಿ ಹೇಳಿಕೊಡುವುದು ಎಂಬ ಕೊಬ್ಬು. ಮೇಸ್ತ್ರಿ ಸುಣ್ಣ ತರಲು ಪೇಟೆಗೆ ಹೋಗಿದ್ದ. ದಕ್ಷಿಣದ ಗೋಡೆಯ ಪಶ್ಚಿಮದ ತುದಿಯಿಂದ ನಾನೊಬ್ಬನೇ ಶುರು ಮಾಡಿ, ಸಂಜೆಯೊಳಗೆ ಒಂದಾಳು ಉದ್ದಕ್ಕೆ ಏಳು ಸಾಲು ಏರಿಸಿದೆ. ಎಲ್ಲ ಕಡೆಯೂ ಬಿಳಿ ಗಾರೆ. ಅಡ್ಡ, ನಿಂತ, ಎಲ್ಲವನ್ನೂ ಅರ್ಧ ಬೆರಳು ಕೆರೆದೆ. ಅಚ್ಚುಕಟ್ಟಾಗಿ ಕೆರೆದೆ. ಮೆಚ್ಚುತ್ತಾರೆ ಎಂದು ಗುಡಿಸಿ, ನೀರು ಚಿಮುಕಿಸಿ ಹೋದೆ.

ಬೆಳಿಗ್ಗೆ ಬಂದರೆ ಗೋಡೆಯ ಮುಂದೆ ಮೇಸ್ತ್ರಿ. ಪಕ್ಕದಲ್ಲಿ, ಶಿಕಾಗೋ ರೈಲಿನಿಂದ ಆಗ ತಾನೇ ಇಳಿದು ಬಂದ ಪೆಲ್ಲೆಟ್ ಸಾಹೇಬರು.

“ಏನೋ ಮಾಡಿಟ್ಟಿದೀಯಾ ಇದು? ಕಿವಿ ಮನೇಲಿ ಬಿಟ್ಟು ಬಂದಿದ್ಯಾ?” ಎಂದು ಮೇಸ್ತ್ರಿ ಕೂಗಿದ. “ಸ್ವಾಮಿ, ಇವತ್ತೇ ಕೆಡವಿಸ್ತೀನಿ. ಇವನನ್ನೂ ಓಡಿಸ್ತೀನಿ.”

ಸಾಹೇಬರು ಕುಕ್ಕರುಗಾಲಲ್ಲಿ ಕೂತು, ಸಂದಿನಲ್ಲಿ ಬೆರಳು ಆಡಿಸಿದರು. “ಯಾರು ಕಟ್ಟಿದ್ದು?”

“ನಾನು ಸ್ವಾಮಿ.”

“ರಸಮಟ್ಟ ಇಟ್ರೆ ಒಂದು ಕೂದಲು ಆಚೀಚೆ ಇಲ್ಲ. ಗೋಡೆ ಚೆನ್ನಾಗಿದೆ. ಆದ್ರೆ ನೀನು ಬೇರೆ ಯಾವುದೋ ಮನೆ ಗೋಡೆ ಕಟ್ಟಿದೀಯ.”

ನನಗೆ ಅಳು ಬಂತು. ಅತ್ತುಬಿಟ್ಟೆ. ಇಪ್ಪತ್ತು ವರ್ಷದ ಗಂಡಸು, ಎಲ್ಲರ ಮುಂದೆ.

ಅವರು ಎದ್ದು ರಸ್ತೆಯವರೆಗೆ ನಡೆದು ಹೋಗಿ ಅಲ್ಲಿಂದ ನೋಡಿದರು. ವಾಪಸು ಬಂದು ಮೇಸ್ತ್ರಿಗೆ ಹೇಳಿದರು: “ಕೆಡವಬೇಡಿ. ಇಟ್ಟಿಗೆ ಒಡೆದ್ರೆ ಮತ್ತೆ ಇಂಥದ್ದು ಸಿಗಲ್ಲ. ಇಲ್ಲೊಂದು ಹೂವಿನ ಪೆಟ್ಟಿಗೆ ಬರುತ್ತೆ. ಮೊದ್ಲೇ ಇರಬೇಕಿತ್ತು, ನಾನು ಬರೆಯೋದು ಮರೆತಿದ್ದೆ.” ಆಮೇಲೆ ನನ್ನ ಕಡೆ ತಿರುಗಿ, “ನಾಳೆಯಿಂದ ಈ ಮನೆ ಕಟ್ಟು” ಎಂದರು. ಮುಗಿಯಿತು. ನಕ್ಷೆ ಶಿಕಾಗೋದಲ್ಲಿತ್ತು. ಯಾರೂ ತಿದ್ದಲಿಲ್ಲ.

ಅವರು ನಿಜವಾಗಿಯೂ ಮರೆತಿದ್ದರೋ, ನನ್ನ ಮಾನ ಉಳಿಸಲು ಹಾಗೆಂದರೋ, ಅರವತ್ತನಾಲ್ಕು ವರ್ಷ ಯೋಚಿಸಿದ್ದೇನೆ. ಗೊತ್ತಾಗಿಲ್ಲ.

ಗೋಡೆಯ ತಪ್ಪನ್ನು ಕೆಲಸದವರು ಹೊರಗೆ ಆಡಬಾರದು ಎಂದು ಮೇಸ್ತ್ರಿ ಕರಣೆ ಮುಟ್ಟಿಸಿ ಆಣೆ ಹಾಕಿಸಿದ. ಆದರೆ ನಾನು ಬಾಯಿ ಬಿಡದಿದ್ದುದಕ್ಕೆ ಆ ಆಣೆ ಕಾರಣವಲ್ಲ. ಇಲ್ಲಿ ಸಂಘದ ಗೋಡೆಯ ಮೇಲೆ ಆ ಮೂಲೆಯ ಫೋಟೋ ಇದೆ. ಪೆಟ್ಟಿಗೆ, ತುಂಬ ಜೆರೇನಿಯಂ ಹೂವು, ಕೆಳಗೆ ನನ್ನ ಹೆಸರು. ಮೂವತ್ತು ವರ್ಷ ಕೆಲಸ ಕಲಿಯಲು ಬಂದವರಿಗೆ ಅದನ್ನು ತೋರಿಸಿ ಪಾಠ ಹೇಳಿದೆ. ತಪ್ಪು ಮಾಡಿದವರನ್ನು ಅದರ ಕೆಳಗೆ ನಿಲ್ಲಿಸಿ ಬೈದೆ. ಇಬ್ಬರು ನನ್ನ ಬೈಗುಳ ತಡೆಯಲಾರದೆ ಕೆಲಸವನ್ನೇ ಬಿಟ್ಟು ಹೋದರು. ಒಬ್ಬನ ಹೆಸರು ನೆನಪಿದೆ, ಇನ್ನೊಬ್ಬನದು ಮರೆತುಹೋಗಿದೆ. ಅದಕ್ಕೆ ನನಗೆ ನಾಚಿಕೆ. ಪೆಟ್ಟಿಗೆಗಲ್ಲ.

ನೀನು ಜುಲೈನಲ್ಲಿ ಕೇಳಿದಾಗ ಬೇಲಿಗೆ ಎರಡು ಸಲ ಬಣ್ಣ ಹೊಡೆದೆ. ಬೇಲಿಗೆ ಬಣ್ಣದ ಅಗತ್ಯ ಇರಲಿಲ್ಲ.

ಇದೇ ಲಕೋಟೆಯಲ್ಲಿ ನೋಟರಿಯ ಮುಂದೆ ಸಹಿ ಹಾಕಿದ ಹೇಳಿಕೆ ಇದೆ. ನಡೆದದ್ದೆಲ್ಲ ಅದರಲ್ಲಿದೆ. ಆ ಹುಡುಗಿ ಆಬ್ಟ್‌ಗೆ ಕೊಡು. ಅವಳು ನಂಬದಿದ್ದರೆ ಪೆಟ್ಟಿಗೆಯ ಮಣ್ಣು ತೆಗೆಸಿ ಎಣಿಸಲಿ. ಏಳು ಸಾಲು. ಮೇಲಿನ ಸಾಲಿನಲ್ಲಿ, ಪಶ್ಚಿಮದಿಂದ ಮೂರನೆಯ ಇಟ್ಟಿಗೆಯ ಮೂಲೆ ಚೂರು ಒಡೆದಿದೆ. ಅದೂ ನನ್ನದೇ.

ಸಿಟ್ಟು ಇಲ್ಲ. ನೀನು ಲ್ಯಾಡ್‌ಗೆ ಹೇಳು. ಅವನ ಕಣ್ಣು ಗಾರೆಯವನ ಕಣ್ಣು.

ಆಕ್ಸೆಲ್


ಟರ್ಕಿ ಫೋರ್ಡ್
ಅಕ್ಟೋಬರ್ 19, 1977

ಪ್ರೀತಿಯ ಆಕ್ಸೆಲ್ ಅವರೇ,

ಹತ್ತನೆಯ ತಾರೀಕು ಲ್ಯಾಡ್ ದೊಡ್ಡ ಸುತ್ತಿಗೆ ಹಿಡಿದು ಪೆಟ್ಟಿಗೆ ಕೆಡವಲು ಬಂದ. ನಿಮ್ಮ ಪತ್ರ ನಾಲ್ಕು ದಿನ ಮೊದಲೇ ಬಂದಿತ್ತು. ಬೇಕೆಂದೇ ಅವನಿಗೆ ಬರಬೇಡ ಎನ್ನಲಿಲ್ಲ, ಎದುರಿಗೇ ಹೇಳಬೇಕಿತ್ತು. ಮೆಟ್ಟಿಲ ಮೇಲೆ ಕೂರಿಸಿ ಹೇಳಿದೆ: “ಅವತ್ತು ನೀನು ಸರಿಯಾಗಿ ನೋಡಿದ್ದೆ. ನಾನೇ ಕೆಡಿಸ್ದೆ. ರಾಜ್ಯದವ್ರು ಅಂತ ಸುಳ್ಳು ಹೇಳ್ದೆ.”

ಅವನು ಸುತ್ತಿಗೆಯನ್ನು ಮೆಟ್ಟಿಲಿಗೆ ಒರಗಿಸಿಟ್ಟ. “ನಾಲ್ಕು ತಿಂಗ್ಳಿಂದ ನಮ್ಮನೇಲಿ ಎಲ್ಲಾ ನನ್ನ ಕೈ ಸರಿ ಇಲ್ಲ ಅಂತ ಆಡ್ಕೋತಿದಾರೆ ಮಾವಿಸ್” ಎಂದ. ಆಮೇಲೆ “ಉಳಿ ಎಷ್ಟಿದಾವೆ?” ಎಂದು ಕೇಳಿದ. ಮುಂದಿನ ಶನಿವಾರ ಹನ್ನೊಂದು ಜನವೂ ಬಂದರು. ಈ ಸಲ ಕಾಫಿ ಕೊಡುವ ಮೊದಲು ಪೂರ್ವದ ಗೋಡೆಯ ಮುಂದೆ ನಿಲ್ಲಿಸಿ ನಿಮ್ಮ ಪಾಠ ಒಪ್ಪಿಸಿದೆ. ಮೂರು ಶನಿವಾರದಲ್ಲಿ ಗೋಡೆ ಮುಗಿಯಿತು. ಕೊನೆಯ ಸಂಜೆ ಲ್ಯಾಡ್ ರಸ್ತೆಯಾಚೆ ಹೋಗಿ ನೋಡಿ, “ಮಲ್ಕೊಂಡ್ತು ಕಣೇ” ಎಂದು ಕೂಗಿದ.

ಕಾರ್ಲೀನ್ ಮೊನ್ನೆ ಬಂದರು. ಅಡುಗೆಮನೆಯಲ್ಲಿ ನಿಮ್ಮ ಹೇಳಿಕೆ ಓದಿದರು. ಓದಿ ಮುಗಿಸಿ ಹೊರಗೆ ಹೋಗಿ, ಕೋಟು ಕಳಚಿ, ತಾವೇ ಪೆಟ್ಟಿಗೆಯ ಮಣ್ಣು ತೋಡಲು ನಿಂತರು. ನಾನೂ, ನೋಡಲು ಬಂದಿದ್ದ ಲ್ಯಾಡ್ ಮತ್ತು ಅವನ ಗೆಳೆಯರೂ ಸೇರಿಕೊಂಡೆವು. ಏಳು ಸಾಲು, ಆಕ್ಸೆಲ್ ಅವರೇ. ಮೂರನೆಯ ಇಟ್ಟಿಗೆಯ ಮೂಲೆ ಒಡೆದಿದೆ. ಅರವತ್ತನಾಲ್ಕು ವರ್ಷ ಬಿಸಿಲು ಮಳೆ ಕಾಣದ ಗಾರೆ, ನಿನ್ನೆ ಹಾಕಿದಷ್ಟು ಬೆಳ್ಳಗೆ. ನಾನು ಒಂದೊಂದು ನಿಂತ ಸಂದಿನಲ್ಲೂ ಬೆರಳು ಆಡಿಸಿದೆ. ಎಷ್ಟು ಶ್ರದ್ಧೆಯಿಂದ ಮಾಡಿದ ತಪ್ಪು ಅದು! ನನಗೆ ಅಳು ಬಂತು. ಗಂಡ ಹೋದ ಮೇಲೆ ಎಲ್ಲರ ಮುಂದೆ ಅತ್ತದ್ದು ಅದೇ ಮೊದಲು.

“ನಕ್ಷೆ ಪೂರ್ತಿ ಅಲ್ಲ ಅಂತ ಬರೀತೀನಿ. ಪೆಟ್ಟಿಗೆ ಪೆಲ್ಲೆಟ್ ಅವರದ್ದೇ. ಇಲ್ಲೇ ಇರ್ಲಿ” ಎಂದರು ಕಾರ್ಲೀನ್, ಮಂಡಿಯ ತುಂಬ ಮಣ್ಣು ಮಾಡಿಕೊಂಡು.

ಇವತ್ತು ಫೋನ್ ಬಂತು. ಮನೆ ಪಟ್ಟಿಗೆ ಸೇರಿತು. ಕ್ಲಿನಿಕ್ಕಿನವರಿಗೆ ಹೇಳಿಬಿಟ್ಟೆ. ಹಿಮ ಬೀಳುವ ಮೊದಲು ಸೂರಿಗೆ ಆಧಾರದ ಕಂಬ ಕೊಡುತ್ತಾರೆ.

ಒಂದು ಮಾತು ಕಾರ್ಲೀನ್‌ಗೂ ಹೇಳಿಲ್ಲ, ನಿಮಗೆ ಮಾತ್ರ. ನಿಮ್ಮ ಏಳು ಸಾಲು ಮುಗಿದ ಮೇಲೂ ಪೆಟ್ಟಿಗೆ ಪೂರ್ವಕ್ಕೆ ಒಂದು ಗೇಣು ಚಾಚಿದೆ. ಅಲ್ಲಿ ಅಂಚಿನ ಮಣ್ಣು ಸರಿಸಿ, ಹಿಂದೆ ಕೈ ತೂರಿಸಿ ನಮ್ಮವರು ಹೋದ ವರ್ಷ ಬೂದು ಸಿಮೆಂಟು ಮೆತ್ತಿದ್ದರು. ಎಲ್ಲ ಕಿತ್ತರೂ ಅಲ್ಲಿನ ಎರಡು ಇಟ್ಟಿಗೆಯ ಸುತ್ತಲಿನದನ್ನು ಹಾಗೇ ಬಿಟ್ಟಿದ್ದೇನೆ. ನಿಮ್ಮದರ ಪಕ್ಕದಲ್ಲೇ. ಬಿರುಕು ಮುಚ್ಚಿ, ಮಣ್ಣು ತುಂಬಿದೆವು. ಎರಡು ಇಟ್ಟಿಗೆ ಸಿಪ್ಪೆ ಕಳಚಿದರೆ ಕಳಚಲಿ.

ನಿಮ್ಮ
ಮಾವಿಸ್


ಆಸ್ಟೋರಿಯಾ
ನವೆಂಬರ್ 4, 1977

ಮಾವಿಸ್,

ಎರಡು ಇಟ್ಟಿಗೆ ಸಾಕು. ಮೂರು ಮಾಡಬೇಡ. ಮಣ್ಣು ಗೋಡೆಗೆ ತಾಗದ ಹಾಗೆ ನಡುವೆ ಜಲ್ಲಿ ಹಾಕಿದೆಯಾ? ಹಾಕಿರಲಾರೆ. ವಸಂತದಲ್ಲಿ ಹಾಕು.

ನಿನ್ನೆ ಗುರುವಾರ. ಸಂಘಕ್ಕೆ ಹೋಗಿ, ನನ್ನ ಫೋಟೋದ ಕೆಳಗೆ ನಾನೇ ನಿಂತು, ಏಳು ಸಾಲಿನ ಕಥೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ ಹೈಕ್ಕಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ತೊಂಬತ್ತೊಂದು ವರ್ಷದವನು, ನಮ್ಮಲ್ಲೇ ಹಿರಿಯ. “ನಾನು ಕಟ್ಟಿದ ಮೀನಿನ ಕಾರ್ಖಾನೆ ಚಿಮಣಿ ಇದ್ಯಲ್ಲ, ಅದ್ರಲ್ಲೂ ಒಂದು ತಪ್ಪಿದೆ...” ಎಂದು ಶುರು ಮಾಡಿದ. ಅವನು ಮುಗಿಸಿದ ಮೇಲೆ ಇನ್ನೊಬ್ಬ. ಆಮೇಲೆ ಮತ್ತೊಬ್ಬ.

ಕಾಫಿ ಮೂರು ಸಲ ಕಾಯಿಸಬೇಕಾಯಿತು. ಯಾರೂ ಮನೆಗೆ ಹೊರಡಲಿಲ್ಲ.

ಆಕ್ಸೆಲ್